ಅಜ್ಜಿಗೆ ಬೆನ್ನು ತಿರುಗಿಸಿದ ದಿನ

ವಸ್ತುಸಂಗ್ರಹಾಲಯದ ಮೂರನೆಯ ಕೋಣೆಯನ್ನು ಆಕೆ ಯಾವಾಗಲೂ ಕಡೆಗೆ ಒರೆಸುತ್ತಿದ್ದಳು. ಮೊದಲ ಕೋಣೆಯ ಕತ್ತಿಗಳಿಗೂ ಎರಡನೆಯ ಕೋಣೆಯ ಮಡಕೆಚೂರುಗಳಿಗೂ ಆಕೆಯಲ್ಲಿ ಅಂಥ ಮರ್ಯಾದೆಯೇನೂ ಇರಲಿಲ್ಲ, ಒರೆಸುಬಟ್ಟೆ ಸರಸರ ಓಡುತ್ತಿತ್ತು. ಮೂರನೆಯದಕ್ಕೆ ಬಂದರೆ ಕೈ ತಾನಾಗಿ ನಿಧಾನವಾಗುತ್ತಿತ್ತು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಆಕೆಯ ಅಜ್ಜಿಯ ಡೋಲು ಇತ್ತು.

ಪೆಟ್ಟಿಗೆಯ ಪಕ್ಕದಲ್ಲೊಂದು ಕೆಂಪು ಗುಂಡಿ. ಒತ್ತಿದರೆ ಅಜ್ಜಿ ಹಾಡುತ್ತಿದ್ದಳು. ಕೆಳಗಿನ ಚೀಟಿಯಲ್ಲಿ ‘ಕಾಡಿನ ಜನರ ಕರೆಯುವ ಹಾಡು. ಹಾಡಿದವರು: ತಿಳಿದುಬಂದಿಲ್ಲ’ ಎಂದು ಬರೆದಿತ್ತು. ತಿಳಿದುಬರಬೇಕಾದರೆ ಯಾರಾದರೂ ಕೇಳಬೇಕಲ್ಲ. ಹತ್ತೊಂಬತ್ತು ವರ್ಷದಿಂದ ಆ ಗಾಜನ್ನೇ ಒರೆಸುತ್ತಿದ್ದವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಅಜ್ಜಿ ಅವರ ಜನಕ್ಕೆಲ್ಲ ಕರೆಯುವವಳು. ಯಾರಾದರೂ ಹೆದರಿ ಮಂಕಾದರೆ, ಊಟ ನಿದ್ದೆ ಬಿಟ್ಟು ಗೋಡೆ ನೋಡುತ್ತ ಕೂತರೆ, ಅವರ ಜೀವ ಮರಗಳ ನಡುವೆ ಎಲ್ಲೋ ದಾರಿ ತಪ್ಪಿದೆ ಎಂದು ಅರ್ಥ. ಅಜ್ಜಿ ಡೋಲು ಬಡಿದು ಸತ್ತ ಹಿರಿಯರನ್ನು ಕರೆಯುತ್ತಿದ್ದಳು. ಅವರು ಆ ಜೀವವನ್ನು ಕೈಹಿಡಿದು ಕರೆತರುತ್ತಿದ್ದರು. ಆಮೇಲೆ ಡೋಲು ನಿಲ್ಲುತ್ತಿತ್ತು. ದೂರದಿಂದ ಬಂದವರು ಕೂರಬೇಕು, ನೀರು ಕುಡಿಯಬೇಕು. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಯಾರೂ ಉಸಿರೆತ್ತುವಂತಿಲ್ಲ. ಅದಾದ ಮೇಲೆ ಕಳಿಸುವ ಹಾಡು. ಅದನ್ನು ಡೋಲಿಗೆ ಬೆನ್ನು ತಿರುಗಿಸಿ ಹಾಡಬೇಕು. ಮುಖ ನೋಡುತ್ತ ನಿಂತರೆ ಬಂದವರಿಗೆ ಏಳಲು ಮನಸ್ಸಾಗುವುದಿಲ್ಲ. ಕಳಿಸದೆ ಬಿಟ್ಟರೆ ಅಲ್ಲೂ ಸಲ್ಲದೆ ಇಲ್ಲೂ ಸಲ್ಲದೆ ಅಲೆಯುತ್ತಾರೆ.

ಅವರನ್ನೆಲ್ಲ ಕಾಡಿನಿಂದ ಎಬ್ಬಿಸಿ ತಗಡಿನ ಮನೆಗಳ ಸಾಲಿಗೆ ತಂದು ಹಾಕಿದಾಗ ಆಕೆಗೆ ಏಳು ವರ್ಷ. ಅದೇ ವರ್ಷ ಇಬ್ಬರು ಟೇಪ್ ರೆಕಾರ್ಡರು ಹಿಡಿದುಕೊಂಡು ಬಂದರು. ಅಜ್ಜಿ ಹಾಡಿದಳು. ಡೋಲು ನಿಂತಿತು. ಮುಗಿಯಿತೆಂದುಕೊಂಡು ಅವರು ಟಕ್ಕೆಂದು ಯಂತ್ರ ಆರಿಸಿ ವೈರು ಸುತ್ತತೊಡಗಿದರು. ಕೂರಿ, ಇನ್ನೂ ಅರ್ಧ ಇದೆ ಎನ್ನಲು ಅಜ್ಜಿಗೆ ಸಂಕೋಚ. ಅವರು ಹೋದ ಮೇಲೆ ಅವತ್ತಿನ ಹಿರಿಯರನ್ನು ಕಳಿಸಿಕೊಟ್ಟಳು. ಡೋಲನ್ನೂ ಯಾರೋ ಕೇಳಿದರೆಂದು ಕೊಟ್ಟಳು. ತನ್ನ ದನಿ ಗುಂಡಿ ಒತ್ತಿದಾಗಲೆಲ್ಲ ಕರೆಯುತ್ತಲೇ ಇರುತ್ತದೆಂದು ಪಾಪ ಆಕೆಗೇನು ಗೊತ್ತು?

ಮೊಮ್ಮಗಳಿಗೆ ಗೊತ್ತಾಯಿತು. ಕೆಲಸಕ್ಕೆ ಸೇರಿದ ಮೊದಲ ದಿನವೇ ಯಾರೋ ಗುಂಡಿ ಒತ್ತಿದರು, ಆಕೆಯ ಕೈಯಿಂದ ಬಕೆಟ್ಟು ಜಾರಿತು. ಅವತ್ತಿನಿಂದ ಸಂಜೆ ಐದಕ್ಕೆ ಕಾವಲುಗಾರ ಮುಂಬಾಗಿಲು ಹಾಕಿದ ಮೇಲೆ ಪೆಟ್ಟಿಗೆಯ ಹತ್ತಿರ ಒಂದು ಲೋಟ ನೀರಿಟ್ಟು ಕಳಿಸುವ ಹಾಡು ಹಾಡುವುದು ಆಕೆಯ ಪಾಲಿನ ಕೆಲಸವಾಯಿತು.

“ಏನಕ್ಕ, ಗಾಜಿನ ಹತ್ರ ಮಾತಾಡ್ತೀಯಾ?” ಎಂದು ಕಾವಲುಗಾರ ಕೇಳಿದ್ದ.

“ನಿನ್ನ ಹತ್ರ ಮಾತಾಡೋದಕ್ಕಿಂತ ವಾಸಿ.”

ಆದರೆ ಒಂದು ಕಳ್ಳತನವಿತ್ತು. ಆಕೆ ಒಂದು ದಿನವೂ ಬೆನ್ನು ತಿರುಗಿಸಿರಲಿಲ್ಲ. ಕಿಟಕಿಯ ಓರೆಬಿಸಿಲು ಡೋಲಿನ ಮೇಲೆ ಬಿದ್ದಾಗ ಚರ್ಮ ಮೆಲ್ಲಗೆ ಅದುರಿದಂತೆ ಕಾಣುತ್ತಿತ್ತು. ಪೆಟ್ಟಿಗೆಯ ಪಕ್ಕದ ಬೆಂಚಿನ ಮೇಲೆ ಅಜ್ಜಿ ಕಾಲು ಇಳಿಬಿಟ್ಟು ಕೂತಿರುತ್ತಿದ್ದಳು, ಕೂದಲಲ್ಲಿ ಸೌದೆಯ ಹೊಗೆಯ ವಾಸನೆ. ಅಜ್ಜಿ ಸತ್ತಾಗ ಆಕೆ ದೂರದ ಶಾಲೆಯ ಹಾಸ್ಟೆಲಿನಲ್ಲಿದ್ದಳು, ಮುಖ ನೋಡಲು ಸಿಕ್ಕಿರಲಿಲ್ಲ. ಈಗ ದಿನಾ ಸಿಗುತ್ತಿದ್ದ ಮುಖಕ್ಕೆ ಬೆನ್ನು ಹಾಕುವುದೆಂದರೆ! ನೆಲ ಒರೆಸುವವಳು ಹಿಂದಕ್ಕೆ ಹಿಂದಕ್ಕೆ ಸರಿಯಬೇಕು, ತಿರುಗಿದರೆ ಒರೆಸಿದ್ದನ್ನೇ ತುಳಿದಂತಾಗುತ್ತದೆ ಎಂದು ತನಗೆ ತಾನೇ ನೆಪ ಹೇಳಿಕೊಂಡಿದ್ದಳು. ಎದುರು ನಿಂತು ಹಾಡಿದ ಹಾಡಿಗೆ ಅಜ್ಜಿ ಹೋಗಿರಲೇ ಇಲ್ಲ. ಅದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ನಿವೃತ್ತಿಗೆ ಒಂದು ವಾರವಿದೆ ಎನ್ನುವಾಗ ಆ ಗೊತ್ತಿದ್ದದ್ದು ಎದೆಗೆ ಬಂದು ಕೂತಿತು. ತಾನು ಹೋದ ಮೇಲೆ ಅಜ್ಜಿಗೆ ಯಾರು ಗತಿ? ಸಂಗ್ರಹಾಲಯದ ಮೇಲ್ವಿಚಾರಕಿ ಓದಿದ ಹುಡುಗಿ, ಒಳ್ಳೆಯವಳು. “ಅಮ್ಮಾ, ನಿಮಗೆ ಏನಾದ್ರೂ ಬೇಕಾ?” ಎಂದು ಕೇಳಿದಳು.

“ಒಂದು ಹಾಡು ಅರ್ಧಕ್ಕೇ ನಿಂತಿದೆ ಮೇಡಂ.”

ಕಥೆ ಕೇಳುತ್ತ ಮೇಲ್ವಿಚಾರಕಿ ಬೆಂಚಿನ ಮೇಲೆ ಕುಸಿದಳು. “ಸ್ವಲ್ಪ ಆ ಕಡೆ ಸರೀರಿ,” ಎಂದಳು ಆಕೆ. ಹುಡುಗಿ ಯಾಕೆಂದು ಕೇಳದೆ ಸರಿದಳು.

ರಜೆಯ ದಿನ, ಉಳಿದರ್ಧ ಹಾಡನ್ನು ರೆಕಾರ್ಡು ಮಾಡಲೆಂದು, ಪೆಟ್ಟಿಗೆ ತೆರೆದು ಡೋಲನ್ನು ಮೇಜಿನ ಮೇಲಿಟ್ಟರು. ಮೇಲ್ವಿಚಾರಕಿ ಕೈಗವಸು ನೀಡಿದಳು, ಏನು ಅನ್ನಿಸಿತೋ ವಾಪಸು ತೆಗೆದುಕೊಂಡಳು. ಆಕೆ ಬರಿಗೈ ಇಟ್ಟಳು. ಚರ್ಮ ತಣ್ಣಗೆ, ಸಡಿಲವಾಗಿತ್ತು. ಲೋಟದಲ್ಲಿ ನೀರಿಟ್ಟಳು. ಮೈಕಿನ ಮುಂದೆ ನಿಂತಳು, ಡೋಲಿನ ಕಡೆಗೇ ಮುಖ ಮಾಡಿಕೊಂಡು.

“ತಿರುಗಬೇಕು ಮೇಡಂ,” ಎಂದಳು. “ತಿರುಗಿದ್ರೆ ಹೋಗ್ಬಿಡ್ತಾಳೆ.”

ಮೇಲ್ವಿಚಾರಕಿ ಮೈಕನ್ನು ಎತ್ತಿ ಆಚೆ ಬದಿಗೆ ಇಟ್ಟು ಕಾದಳು.

ಆಕೆ ತಿರುಗಿದಳು. ಬಿಳಿ ಗೋಡೆ ನೋಡುತ್ತ, ಕಣ್ಣೀರು ಒರೆಸಿಕೊಳ್ಳದೆ, ಕಡೆಯ ಸಾಲಿನವರೆಗೂ ಹಾಡಿದಳು. ಹಿಂದೆ ಬೆಂಚು ಒಮ್ಮೆ ಕಿರುಗುಟ್ಟಿತು. ಹೊಗೆಯ ವಾಸನೆ ತೆಳ್ಳಗಾಗುತ್ತ ಬಂತು, ಆಮೇಲೆ ನೆಲ ಒರೆಸುವ ಫಿನಾಯಿಲಿನ ವಾಸನೆ ಮಾತ್ರ ಉಳಿಯಿತು.

“ಚೀಟಿಗೆ ಅಜ್ಜಿ ಹೆಸರು ಹೇಳಿ ಅಮ್ಮಾ.”

“ಸತ್ತವರ ಹೆಸರು ನಾವು ಬಾಯಲ್ಲಿ ಹೇಳಲ್ಲ. ಹೇಳಿದ್ರೆ ಮತ್ತೆ ಕರೆದ ಹಾಗಾಗುತ್ತೆ.”

ನಿವೃತ್ತಿಯ ಮರುದಿನ ಆಕೆ ಮುಂಬಾಗಿಲಿನಿಂದ ಬಂದಳು. “ಅಕ್ಕ, ಚಪ್ಪಲಿ ಒರೆಸ್ಕೊಂಡು ಹೋಗು, ಹೊಸಬಳು ಈಗಷ್ಟೇ ನೆಲ ಒರೆಸಿದಾಳೆ,” ಎಂದ ಕಾವಲುಗಾರ, ಸೇಡು ತೀರಿಸಿಕೊಳ್ಳುವವನಂತೆ. ಮೂರನೆಯ ಕೋಣೆಯಲ್ಲಿ ಹೊಸ ಚೀಟಿ ಇತ್ತು: ‘ಹಾಡಿದವರು: ಈ ಕಟ್ಟಡದ ನೆಲ ಒರೆಸಿದವರ ಅಜ್ಜಿ.’

ಆಕೆ ಗುಂಡಿ ಒತ್ತಿದಳು. ಅಜ್ಜಿ ಕರೆದಳು. ಡೋಲು ನಿಂತಿತು. ಪಕ್ಕದಲ್ಲಿದ್ದ ಗಂಡ ಹೆಂಡತಿ ಮುಂದಿನ ಕೋಣೆಗೆ ಹೆಜ್ಜೆ ಹಾಕಿದರು.

“ಇನ್ನೂ ಇದೆ,” ಎಂದಳು ಆಕೆ. “ನೀರು ಕುಡೀಲಿ, ತಡೀರಿ.”

ಅವರು ಮುಖ ಮುಖ ನೋಡಿಕೊಂಡು ನಿಂತರು. ಆಕೆ ಬೆಂಚಿನ ನಟ್ಟನಡುವೆ ಕೂತಳು. ಹತ್ತೊಂಬತ್ತು ವರ್ಷದಲ್ಲಿ ಅಲ್ಲಿ ಕೂತದ್ದು ಅದೇ ಮೊದಲು. ಒಂದು ಲೋಟ ನೀರಿನಷ್ಟು ಹೊತ್ತಾದ ಮೇಲೆ ಆಕೆಯದೇ ದನಿ ಶುರುವಾಯಿತು, ಬಂದವರು ಇನ್ನು ಹೊರಡಿ, ದಾರಿ ಬೆಳಕಾಗಿದೆ ಎಂದಿತು. ಆಕೆ ಎದ್ದಳು. ಡೋಲಿಗೆ ಬೆನ್ನು ತಿರುಗಿಸಿ, ಒದ್ದೆ ನೆಲ ತುಳಿಯದಂತೆ ಅಂಚಿನಲ್ಲೇ ನಡೆದು ಮನೆಗೆ ಹೋದಳು.