ಚಿಗವ್ವ ಕಡಲಿಗೆ ಉಡಿ ತುಂಬಿದ್ದು

ಒಣಮೀನು, ಡೀಸೆಲ್, ಕೊಳೆತ ಕೆಸರು ಮೂರೂ ಬೆರೆತ ವಾಸನೆ ಈ ಸಲ ಮುಂಬಯಿ ಬಂದರಿನ ಗೋಡೆಯ ಬಳಿ ಮೂಗಿಗೆ ಬಡಿದಾಗ ನನಗೆ ನೆನಪಾದದ್ದು ಹಡಗಲ್ಲ, ಚಿಗವ್ವನ ಕೋಣೆ. ನನ್ನ ತಾಯಿಯ ತಂಗಿ ಅವಳು. ಅವಳ ಗಂಡ, ನಮ್ಮ ಕಾಕಾ, ಬಂದರಿನಲ್ಲಿ ಮೂಟೆ ಹೊರುವ ಹಮಾಲ. ಕಟ್ಟಡಕ್ಕೆ ಕಟ್ಟಡ ಆತು ನಿಂತ ಓಣಿಯಲ್ಲಿ, ಮೂರನೇ ಮಾಳಿಗೆಯ ಕೊನೆಯ ಕೋಣೆ ಅವರದು. ಕಿಟಕಿ ತೆರೆದರೆ ಎದುರುಮನೆಯವರ ಒಗೆದ ಸೀರೆ ನಮ್ಮ ಗಂಗಾಳಕ್ಕೆ ಹನಿಯುತ್ತಿತ್ತು. ಬೇಸಿಗೆ ರಜೆಗೆ ಮಾನ್ವಿಯಿಂದ ಬಂದ ನಾನೂ ಅಕ್ಕನೂ ಚಾಪೆಯ ಮೇಲೆ ಮಲಗಿದರೆ ಕಾಲುಗಳು ಹೊಸಿಲು ದಾಟುತ್ತಿದ್ದವು. ಸ್ಟೌವಿನ ಭರಾಟೆ, ರೊಟ್ಟಿ ಬಡಿಯುವ ಸದ್ದು, ಗೋಡೆಯಾಚೆ ಯಾರದೋ ಕೆಮ್ಮು, ಎಲ್ಲದರ ಮೇಲೆ ಹಡಗಿನ ಕೂಗು. ನಿಮಗೂ ಇಂಥದೊಂದು ಮನೆ ಇದ್ದಿರಬಹುದು. ಅದರ ಇಕ್ಕಟ್ಟೇ ಈಗ ಬೇಕೆನಿಸುವಂಥದ್ದು.

ಒಂದು ಬೇಸಿಗೆಯಲ್ಲಿ ಕಾಕಾ ಮೂಟೆ ಸಮೇತ ಬಿದ್ದು ಕಾಲು ಮುರಿದುಕೊಂಡ. ಚೀಕಲಪರ್ವಿಯಿಂದ ಅವನ ಅಪ್ಪ ಬಂದು, ಎಲ್ಲರೂ ಊರಿಗೆ ಹೊರಡಿ ಎಂದ. ಚಿಗವ್ವ ಒಪ್ಪಲಿಲ್ಲ. "ಅಲ್ಲಿ ನಾಲ್ಕು ಸೊಸ್ತೇರಾಗ ನಾನೂ ಒಬ್ಬಾಕಿ. ಇಲ್ಲಿ ಒಲಿ ನಂದು ಅದ ರೀ ಮಾವಾ." ಕೊನೆಗೆ ಮುದುಕ ಒಂದು ಮಾತು ಇಟ್ಟ: ಇಲ್ಲಿಯ ನೀರಿನ ತಾಯಿ ಗಂಗವ್ವನಿಗೆ ಉಡಿ ತುಂಬು, ಆಕೆ ತೆಗೆದುಕೊಂಡರೆ ಇರಿ, ಇಲ್ಲವಾದರೆ ಗಂಟು ಕಟ್ಟಿ.

ನಾವು ಕಡಲಿಗೆ ಹೋದಾಗ ಇಳಿತ, ನೀರು ದೂರ ಸರಿದಿತ್ತು. ಕಣ್ಣು ಹಾಯುವಷ್ಟೂ ಕೆಸರು. ಜೀವನವಿಡೀ ತುಂಗಭದ್ರೆಯನ್ನಷ್ಟೇ ನೋಡಿದ್ದ ಮುದುಕ ಮಗನನ್ನು ಕೇಳಿದ: "ಮ್ಯಾಲ ಡ್ಯಾಮಿನಾಗ ಗೇಟ್ ಮುಚ್ಯಾರೇನಲೇ?"

"ಯಪ್ಪಾ, ಇದಕ್ಕ ಡ್ಯಾಮೇ ಇಲ್ಲ," ಎಂದು ಕಾಕಾ ಪಟ್ಟಿ ಕಟ್ಟಿದ ಕಾಲು ಹಿಡಿದುಕೊಂಡೇ ನಕ್ಕ.

ಕಾದೆವು. ನೀರು ಏರಿ ಬರುವಾಗ ಚಿಗವ್ವ ಕುಪ್ಪಸದ ಕಣ, ಹಸಿರು ಬಳೆ, ತೆಂಗಿನಕಾಯಿ ಬಿಟ್ಟಳು. ನಮ್ಮ ಹೊಳೆ ಕೊಟ್ಟದ್ದನ್ನು ಒಯ್ಯುತ್ತದೆ. ಕಡಲು ಒಯ್ಯಲಿಲ್ಲ. ಕಾಯಿ ತೇಲುತ್ತ ಬಂದು ಅವಳ ಪಾದಕ್ಕೇ ತಾಗಿತು.

"ನೋಡವ್ವಾ, ಗಂಗವ್ವ ಒಲ್ಲೆ ಅಂದಾಳ. ನಡೀರಿ ಊರಿಗಿ," ಎಂದ ಮುದುಕ.

ಚಿಗವ್ವ ಬಾಗಿ ಕಾಯಿ ಎತ್ತಿಕೊಂಡಳು. ಕಲ್ಲಿಗೆ ಒಂದೇ ಏಟು. "ಮಾವಾ, ಕೊಟ್ಟಿದ್ದು ಕೈಗೆ ವಾಪಸ್ ಬಂದ್ರ ಅದು ಪ್ರಸಾದ ರೀ. ತಿನ್ರಿ." ಮುದುಕ ಒಂದು ಗಳಿಗೆ ಸೊಸೆಯ ಮುಖ ನೋಡಿ ಕೈ ಒಡ್ಡಿದ. ಮರುದಿನ ಒಬ್ಬನೇ ಊರಿಗೆ ಹೋದ.

ಅಕ್ಕ ಇದನ್ನು ಒಪ್ಪುವುದಿಲ್ಲ. "ನೀ ಎಲ್ಲಿದ್ದಿ ಅಲ್ಲಿ? ಆ ವರ್ಷ ಮಾನ್ವ್ಯಾಗ ಜ್ವರ ಬಂದು ಮಲಗಿದ್ದಿ. ನಾ ಹೇಳಿದ್ದು ಕೇಳಿ, ಈಗ ನೋಡೀನಿ ಅಂತೀ." ಇರಬಹುದು. ಸಾಕ್ಷಿಯಿಲ್ಲದ ನೆನಪನ್ನು ನಂಬಬೇಡಿ ಎಂದು ಯರಗೇರಾದ ತರಗತಿಯಲ್ಲಿ ಹುಡುಗರಿಗೆ ಹೇಳುವವನು ನಾನೇ. ಆದರೂ ಆ ಕೊಬ್ಬರಿಯ ಉಪ್ಪು ನಾಲಿಗೆಯ ಮೇಲಿದೆ. ಒಡೆಯದ ಕಾಯಿಯೊಳಗೆ ಉಪ್ಪು ಸೇರದು. ಅವಳ ಕೈಯಿಂದ ಮೆತ್ತಿದ್ದಿರಬೇಕು.

ಚಿಗವ್ವ ಸಾಯುವವರೆಗೂ ಆ ಕೋಣೆಯಲ್ಲೇ ಇದ್ದಳು. ಆಮೇಲೆ ಕಟ್ಟಡ ಕೆಡವಿದರು. ಈಗ ಅಲ್ಲಿ ಗಾಜಿನ ಗೋಪುರ, ಕೆಳಗೆ ಕಾರುಗಳ ಸಾಲು. ಯಾರ ಮನೆ ಹುಡುಕುತ್ತಿದ್ದೀರಿ ಎಂದು ಕಾವಲುಗಾರ ಹಿಂದಿಯಲ್ಲಿ ಕೇಳಿದ. ಹೇಳಿದೆ. ಇಲ್ಲಿ ಮೊದಲು ಗೋದಾಮಿತ್ತು, ಮನೆ ಎಲ್ಲಿಂದ ಬರಬೇಕು ಎಂದು ನಕ್ಕ. ತೋರಿಸಲು ನನ್ನ ಬಳಿ ಒಂದು ಫೋಟೊ ಕೂಡ ಇರಲಿಲ್ಲ.

"ಇತ್ತು. ನಮ್ಮ ಚಿಗವ್ವ ಇಲ್ಲೇ ಇದ್ಲು," ಎಂದೆ.

ಅವನಿಗೆ ಕನ್ನಡ ಬರುತ್ತಿರಲಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದೆ.