ಹೆಚ್ಚಾದ ಒಂದು ಸೊನ್ನೆ

ನನಗೊಂದು ಕೆಟ್ಟ ಚಟವಿದೆ. ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದ್ದರಿಂದ ಹತ್ತಿಕೊಂಡದ್ದು. ಯಾರು ಏನು ಬರೆದು ಕೈಗಿಟ್ಟರೂ ಮೊದಲು ಅದರಲ್ಲಿ ತಪ್ಪು ಹುಡುಕುತ್ತೇನೆ. ಮದುವೆಯ ಕರೆಯೋಲೆ ಬಂದರೆ ವಧೂವರರ ಹೆಸರಿಗಿಂತ ಮೊದಲು ಕಣ್ಣಿಗೆ ಬೀಳುವುದು ಬಿಟ್ಟುಹೋದ ಒತ್ತಕ್ಷರ. ಈ ಚಟ ಒಮ್ಮೆ ನನ್ನನ್ನು ದೊಡ್ಡ ಮೋಸದಿಂದ ಕಾಪಾಡಿತು. ಇನ್ನೊಮ್ಮೆಯೂ ಕಾಪಾಡಿತೆಂದು ನಾನು ಎಂಟು ದಿನ ನಂಬಿಕೊಂಡಿದ್ದೆ. ಹೇಳಬೇಕಾದದ್ದು ಆ ಎಂಟು ದಿನಗಳ ಮಾತು.

ನಮ್ಮ ಮನೆಯವರಿಗೆ ಎರಡು ವರ್ಷದಿಂದ ಕಣ್ಣಿನ ತೊಂದರೆ. ಎದುರಿಗಿರುವುದು ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ. ಪುಣೆಯ ಬಿಬವೇವಾಡಿಯಲ್ಲಿರುವ ನಮ್ಮ ಕಟ್ಟಡದ ಕೆಳಗಿನ ಕಂಬಕ್ಕೆ ಕಾರು ತಾಗಿಸಿದ ದಿನ ಅವರೇ ಬೀಗದ ಕೈ ತಂದು ದೇವರ ಕೋಣೆಯ ಮೊಳೆಗೆ ಸಿಕ್ಕಿಸಿದರು. ಆಮೇಲೆ ಓಡಿಸಲಿಲ್ಲ. ಆದರೆ ಬೆಳಗ್ಗೆ ಹತ್ತು ನಿಮಿಷ ಕೆಳಗೆ ಹೋಗಿ, ಬ್ಯಾಟರಿ ಸಾಯಬಾರದೆಂದು ಇಂಜಿನ್ ಚಾಲು ಮಾಡಿ, ಕಾರಿನಲ್ಲಿ ಸುಮ್ಮನೆ ಕೂತು ಬರುತ್ತಿದ್ದರು. ಅವರು ಹಾಗೆ ಕೂತಿರುವುದನ್ನು ಮೇಲಿನಿಂದ ನೋಡಲಾರದೆ, ಮಾರಿಬಿಡೋಣ ಎಂದವಳು ನಾನೇ. ಹದಿಮೂರು ವರ್ಷದ ಬಿಳಿ ಕಾರು; ವರ್ಷಕ್ಕೊಮ್ಮೆ ಜೇಜುರಿಯ ದೇವಸ್ಥಾನಕ್ಕೆ ಹೋಗಿ ಬಂದು ಬಂದು ಸೀಟಿನ ಹೊಲಿಗೆಯಲ್ಲೆಲ್ಲ ಅಲ್ಲಿ ತೂರುವ ಭಂಡಾರದ ಅರಿಸಿನ ಕೂತುಬಿಟ್ಟಿತ್ತು. ಫೋಟೊ ತೆಗೆದು, ಒಂದು ಲಕ್ಷ ನಲವತ್ತು ಸಾವಿರ ಎಂದು ಬರೆದು, ಆನ್‌ಲೈನಿನಲ್ಲಿ ಹಾಕಿದೆ.

ಮೊದಲು ಫೋನು ಮಾಡಿದವನು ಹಡಗಿನಲ್ಲಿ ಕೆಲಸ ಮಾಡುತ್ತೇನೆಂದ. ಚೆಂದದ ಹಿಂದಿ. ಕಾರು ನೋಡುವುದು ಬೇಡ, ಫೋಟೊ ಸಾಕು, ಹೇಳಿದ ಬೆಲೆಗೆ ಒಪ್ಪಿಗೆ ಎಂದ. ನನಗೆ ಅಲ್ಲಿಯೇ ಅನುಮಾನ ಬಂತು. ಪುಣೆಯಲ್ಲಿ ಒಂದು ಕಟ್ಟು ಮೆಂತ್ಯೆ ಸೊಪ್ಪನ್ನೂ ಹೇಳಿದ ಬೆಲೆಗೆ ಕೊಂಡವರನ್ನು ನಾನು ಕಂಡಿಲ್ಲ. ಮರುದಿನ ನನ್ನ ಖಾತೆಗೆ ಒಂದು ಲಕ್ಷ ಅರವತ್ತೈದು ಸಾವಿರ ಜಮೆಯಾಗಿದೆ ಎಂದು ಮೆಸೇಜು ಬಂತು. ಹಿಂದೆಯೇ ಅವನ ಫೋನು: ಹೆಚ್ಚಿನ ಇಪ್ಪತ್ತೈದು ಸಾವಿರ ಕಾರು ಒಯ್ಯುವ ಲಾರಿಯವನಿಗೆ ಸೇರಬೇಕಾದದ್ದು, ಅವನ ನಂಬರಿಗೆ ಈಗಲೇ ಹಾಕಿಬಿಡಿ ಎಂದು. ನಾನು ಕನ್ನಡಕ ಏರಿಸಿ ಮೆಸೇಜು ತಿದ್ದಲು ಕೂತೆ. ಅಕೌಂಟ್ ಎಂಬ ಪದದ ಸ್ಪೆಲಿಂಗ್ ತಪ್ಪು. ಅಲ್ಪವಿರಾಮ ಲಕ್ಷದ ಜಾಗದಲ್ಲಿ ಇರಲಿಲ್ಲ. ಬಂದದ್ದು ಬ್ಯಾಂಕಿನ ಹೆಸರಿನಿಂದಲ್ಲ, ಯಾರದೋ ಹತ್ತಂಕಿಯ ಮೊಬೈಲಿನಿಂದ. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಮುದ್ರಿಸಿಕೊಂಡೆ. ಒಂದು ರೂಪಾಯಿಯೂ ಬಂದಿರಲಿಲ್ಲ.

ಅಂದಿನಿಂದ ಕಟ್ಟಡದಲ್ಲಿ ನನ್ನ ಮರ್ಯಾದೆ ಏರಿತು. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ನೆಲಮಾಳಿಗೆಯಿಂದ ಐದನೆಯ ಮಹಡಿಯವರೆಗೆ ಪಾಠ ಹೇಳುತ್ತಿದ್ದೆ. ಮಹಡಿ ಮುಗಿದರೂ ಪಾಠ ಮುಗಿಯುತ್ತಿರಲಿಲ್ಲ. ಬಾಗಿಲಿಗೆ ಕಾಲು ಅಡ್ಡ ಇಟ್ಟು ಮುಗಿಸುತ್ತಿದ್ದೆ.

ಮುಂದಿನ ವಾರ ಕಾರು ನೋಡಲು ಸದಾನಂದ ಎಂಬವರು ಬಂದರು. ಕುಂದಾಪುರದ ಕಡೆಯವರು, ನಮಗೆ ಹತ್ತಿರದ ಕೊಂಢವಾದಲ್ಲಿರುವ ಒಂದು ಉಡುಪಿ ಹೋಟೆಲಿನಲ್ಲಿ ಇಪ್ಪತ್ತು ವರ್ಷದಿಂದ ಅಡುಗೆ. ಹೋಟೆಲು ಬಿಟ್ಟು, ಒಂದು ಕೋಣೆ ಬಾಡಿಗೆಗೆ ಹಿಡಿದು, ತಾವೇ ಅಡುಗೆ ಮಾಡಿ ಆಫೀಸುಗಳಿಗೆ ಮಧ್ಯಾಹ್ನದ ಊಟ ಮುಟ್ಟಿಸುವ ಯೋಚನೆ ಅವರದು. ಅದಕ್ಕೆ ಕಾರು. ಜೊತೆಗೆ ಹೆಂಡತಿಯೂ ಬಂದಿದ್ದರು. ಡಿಕ್ಕಿಯಲ್ಲಿ ಎಷ್ಟು ಡಬ್ಬ ಹಿಡಿಯುತ್ತದೆಂದು ಗೇಣು ಹಾಕಿ ಅಳೆದವರು ಅವರೇ. ಅರ್ಧ ಗಂಟೆ ಚೌಕಾಸಿ ನಡೆಯಿತು. ಒಂದು ಲಕ್ಷ ಮೂವತ್ತು ಸಾವಿರಕ್ಕೆ ಮಾತು ಮುಗಿಯಿತು. ಮುಂಗಡ ಐದು ಸಾವಿರ ನಾಳೆ ಫೋನಿನಿಂದ ಹಾಕುತ್ತೇನೆಂದರು. ಹೋಗುವಾಗ ಅವರು ಕಾರಿನ ಬಾಗಿಲನ್ನು ಎಷ್ಟು ಮೆಲ್ಲಗೆ ಹಾಕಿದರೆಂಬುದನ್ನು ನಮ್ಮ ಮನೆಯವರು ರಾತ್ರಿ ಊಟಕ್ಕೆ ಕೂತಾಗಲೂ ಹೇಳಿದರು.

ಮರುದಿನ ಹನ್ನೊಂದಕ್ಕೆ ಮೆಸೇಜು ಬಂತು. ಐವತ್ತು ಸಾವಿರ ಜಮೆ. ಎರಡು ನಿಮಿಷಕ್ಕೆ ಸದಾನಂದರ ಫೋನು.

"ಅಮ್ಮಾ, ಒಂದು ಸೊನ್ನೆ ಹೆಚ್ಚು ಬಿದ್ದುಹೋಯ್ತು ಮಾರ್ರೆ. ನಲವತ್ತೈದು ವಾಪಸ್ ಹಾಕ್ಬೇಕಿತ್ತು. ಅದು ಕೋಣೆಯ ಡಿಪಾಸಿಟ್ಟಿಗೆ ಇಟ್ಟದ್ದು, ಇವತ್ತು ಸಂಜೆಗೇ ಕೊಡ್ಲಿಕ್ಕುಂಟು. ನನಗೆ ಬೇಡ, ಕೋಣೆಯ ಮಾಲೀಕರ ನಂಬರ್ ಕಳಿಸ್ತೇನೆ, ಸೀದ ಅವರಿಗೇ ಹಾಕಿದ್ರೂ ಆಗ್ತದೆ."

ಹೆಚ್ಚಿಗೆ ಬಂದ ಹಣ, ಮೂರನೆಯವನ ನಂಬರು, ಇವತ್ತೇ ಬೇಕೆಂಬ ಅವಸರ. ಲಿಫ್ಟಿನಲ್ಲಿ ನಾನು ಹೇಳುತ್ತಿದ್ದ ಪಾಠದ ಒಂದೊಂದು ಸಾಲೂ ಎದುರಿಗೆ ಬಂದು ನಿಂತಿತು. ನೋಡಿ ಹೇಳುತ್ತೇನೆಂದು ಫೋನಿಟ್ಟು, ಅವರ ನಂಬರನ್ನು ಬ್ಲಾಕ್ ಮಾಡಿದೆ. ಕೆಳಗಿನ ವಾಚ್‌ಮನ್‌ಗೆ, ಈ ಹೆಸರಿನವರು ಬಂದರೆ ಮೇಲೆ ಬಿಡಬೇಡ ಎಂದೆ.

ಮಧ್ಯಾಹ್ನ ಬ್ಯಾಂಕಿಗೆ ಹೋದೆ. ಈ ಸಲ ಹಣ ನಿಜವಾಗಿಯೂ ಬಂದಿತ್ತು. ಆದರೂ ಕೌಂಟರಿನ ಅಧಿಕಾರಿ ನನ್ನ ಎಚ್ಚರವನ್ನು ಮೆಚ್ಚಿಕೊಂಡರು. ಕೆಲವೊಮ್ಮೆ ಯಾರದೋ ಖಾತೆಯಿಂದ ಕದ್ದ ಹಣವನ್ನು ಹೀಗೆ ಹಾಕಿ, ಬೇರೆಯವರ ನಂಬರಿಗೆ ವಾಪಸು ತರಿಸಿಕೊಳ್ಳುತ್ತಾರೆ, ಆಮೇಲೆ ಸಿಕ್ಕಿಬೀಳುವವರು ನೀವು ಎಂದರು. ಹಣ ಮುಟ್ಟಬೇಡಿ, ಅವರು ತಮ್ಮ ಬ್ಯಾಂಕಿನಲ್ಲಿ ಅರ್ಜಿ ಕೊಟ್ಟರೆ ಅದು ನಮಗೆ ಬರುತ್ತದೆ, ಆಗ ಸಹಿ ಮಾಡಿ, ಅವರಿಗೆ ಹಾಗೆಂದು ತಿಳಿಸಿ ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಮೆಚ್ಚುಗೆಯ ಮಾತು ಪೂರ್ತಿ ಕೇಳಿಸಿಕೊಂಡೆ. ಕೊನೆಯ ಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ.

ಮರುದಿನ ಸದಾನಂದ ಬಂದರು. ಅದರ ಮರುದಿನವೂ ಬಂದರು. ಗೇಟಿನ ಹೊರಗೆ ಹೆಲ್ಮೆಟ್ ಕೈಯಲ್ಲಿ ಹಿಡಿದು, ತಲೆಯೆತ್ತಿ, ನಮ್ಮ ಮನೆ ಯಾವುದೆಂದು ಮಹಡಿ ಎಣಿಸುತ್ತ ನಿಂತಿದ್ದರು. ನಾನು ಬಾಲ್ಕನಿಯಲ್ಲಿ ಒಣಗಿದ ಬಟ್ಟೆಯ ಹಿಂದೆ ಸರಿದೆ.

"ರೊಕ್ಕ ಕೊಡಬ್ಯಾಡ," ಎಂದರು ನಮ್ಮ ಮನೆಯವರು. "ಆದ್ರ ಒಂದ್ ಸಲ ಮಾತಾಡು. ಮಾತಾಡಿದ್ರ ಏನ್ ಹೋಗತದ?"

"ಮಾತಿನಿಂದನ ಮೋಸ ಸುರು ಆಗತದ್ರಿ," ಎಂದೆ.

ಅವರು ಕೆಳಗೆ ಹೋಗಿ ಕಾರಿನಲ್ಲಿ ಕೂರುವುದನ್ನು ಆ ದಿನಗಳಲ್ಲಿ ಬಿಟ್ಟರು.

ಕನ್ನಡದಲ್ಲಿ ವಿಶ್ವಾಸ ಎಂದರೆ ನಂಬಿಕೆ ಮಾತ್ರವಲ್ಲ, ಪ್ರೀತಿಯೂ ಹೌದು. ಮನೆಗೆ ಬಂದವರನ್ನು ವಿಶ್ವಾಸದಿಂದ ಕಂಡರು ಎಂದರೆ ಅವರ ಕಾಗದಪತ್ರ ಪರೀಕ್ಷೆ ಮಾಡಿದರು ಎಂದಲ್ಲ. ಮಕ್ಕಳಿಗೆ ಈ ಎರಡು ಅರ್ಥವನ್ನೂ ವಾಕ್ಯದಲ್ಲಿ ಬಳಸಿ ಎಂದು ಎಷ್ಟು ಸಲ ಹೇಳಿಲ್ಲ ನಾನು. ಕಾಗದಪತ್ರದ ಪರೀಕ್ಷೆ ಮುಗಿಯುವ ತನಕ ನಂಬಿಕೆಯೆಂಬ ಒಂದು ಅರ್ಥವನ್ನು ತಡೆಹಿಡಿಯಬಹುದು. ನಾನು ಎರಡನ್ನೂ ಒಟ್ಟಿಗೆ ತಡೆದಿದ್ದೆ.

ಎಂಟನೆಯ ದಿನ ಬ್ಯಾಂಕಿನಿಂದ ಕರೆ ಬಂತು. ಸದಾನಂದರ ಅರ್ಜಿ ಬಂದಿತ್ತು. ಖಾತೆ ಅವರದೇ, ಹಣ ಅವರದೇ, ತಪ್ಪಾಗಿ ಬಿದ್ದದ್ದು ಒಂದು ಸೊನ್ನೆ ಮಾತ್ರ. ಹೋಗಿ ಅರ್ಜಿಯ ತಾರೀಖು ನೋಡಿದೆ. ಹೀಗೆ ಮಾಡಬೇಕೆಂದು ಅವರಿಗೆ ಯಾರೋ ಹೇಳುವ ಹೊತ್ತಿಗೆ ನಾಲ್ಕು ದಿನ ಕಳೆದಿತ್ತು. ನಾನೇ ಹೇಳಬಹುದಿತ್ತು, ಅರ್ಧ ನಿಮಿಷದ ಮಾತು. ಅವರ ಮುಂಗಡವೂ ನನಗೆ ಬೇಡವೆನಿಸಿ, ಐವತ್ತು ಸಾವಿರವೂ ವಾಪಸು ಹೋಗಲಿ ಎಂದು ಬರೆದು ಸಹಿ ಮಾಡಿದೆ. ಮಾಡುವಾಗ ನನ್ನ ಹೆಸರಿನಲ್ಲೇ ಒಂದು ಅಕ್ಷರ ಬಿಟ್ಟೆ. ಎರಡನೆಯ ಸಲ ಮಾಡಿಸಿಕೊಂಡರು.

ಸಂಜೆ ನಾವಿಬ್ಬರೂ ರಿಕ್ಷಾ ಹಿಡಿದು ಕೊಂಢವಾದಲ್ಲಿನ ಆ ಹೋಟೆಲಿಗೆ ಹೋದೆವು. ಸದಾನಂದ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. ಕೂರಿಸಿ ಕಾಫಿ ತರಿಸಿದರು. ಬೈಗುಳ ಕೇಳಲು ನಾನು ತಯಾರಾಗಿ ಹೋಗಿದ್ದೆ, ಕಾಫಿಗೆ ತಯಾರಾಗಿರಲಿಲ್ಲ. ಕೋಣೆಯ ಮಾಲೀಕ ಅಂದು ಸಂಜೆ ಏಳರವರೆಗೆ ಕಾದು, ಬೇರೊಬ್ಬರಿಗೆ ಕೊಟ್ಟನಂತೆ. ಅಷ್ಟು ಬಾಡಿಗೆಗೆ ಆಫೀಸುಗಳ ಹತ್ತಿರ ಬೇರೆ ಕೋಣೆ ಸಿಗಲಿಲ್ಲವಂತೆ. ಹೋಟೆಲಿಗೆ ಕೊಟ್ಟ ನೋಟಿಸನ್ನು ಅವರು ವಾಪಸು ಪಡೆದಿದ್ದರು. ನಾನು ತಪ್ಪಾಯಿತು ಎಂದೆ.

"ನೀವು ದುಡ್ಡು ಹಿಡಿದಿಟ್ಟದ್ದು ತಪ್ಪಂತ ನಾನು ಹೇಳುದಿಲ್ಲ ಅಮ್ಮ," ಎಂದರು. "ಇವತ್ತು ಯಾರಾದ್ರೂ ಹಾಗೇ ಮಾಡುದು. ಆದ್ರೆ ನಾನು ಗೇಟಿನ ಹತ್ರ ನಿಂತಾಗ ನೀವು ಬಟ್ಟೆಯ ಹಿಂದೆ ಇದ್ರಿ ಅಲ್ವಾ. ನನಗೆ ಕಾಣ್ತಿತ್ತು."

ನಮ್ಮ ಮನೆಯವರು ಮೇಜಿನ ಅಂಚನ್ನು ಕೈಯಿಂದ ತಡವಿ ಹಿಡಿದುಕೊಂಡು, ಕಾರು ಒಯ್ಯಿರಿ, ರೊಕ್ಕ ನಿಮಗ ಆದಾಗ ಕೊಡ್ರಿ ಎಂದರು. ಸದಾನಂದ ತಲೆಯಾಡಿಸಿದರು. ಊಟವೇ ಇಲ್ಲದ ಮೇಲೆ ಡಬ್ಬ ಎಲ್ಲಿಗೆ ಒಯ್ಯುವುದು ಸರ್, ಎಂದು ಮೆತ್ತಗೆ ಹೇಳಿ ಒಳಗೆ ಹೋದರು. ಒಳಗಿನಿಂದ ಯಾರೋ ಎರಡು ಸಲ ಕರೆದಿದ್ದರು. ಕಾಫಿಯ ದುಡ್ಡನ್ನು ಗಲ್ಲಾದವರು ತೆಗೆದುಕೊಳ್ಳಲಿಲ್ಲ.

ಕಾರನ್ನು ಕೊನೆಗೆ ಹಳೆಯ ಗಾಡಿ ವ್ಯಾಪಾರದವರು ಒಯ್ದರು. ತೊಂಬತ್ತೈದು ಸಾವಿರ, ಇಪ್ಪತ್ತು ನಿಮಿಷದ ಕೆಲಸ. ಯಾರೂ ಯಾರನ್ನೂ ನಂಬಬೇಕಾದ ಪ್ರಸಂಗವೇ ಬರಲಿಲ್ಲ.

ಕಳೆದ ತಿಂಗಳು ಕಟ್ಟಡದ ಹೆಂಗಸರು ಸೇರಿ, ಆನ್‌ಲೈನ್ ಮೋಸದ ಬಗ್ಗೆ ನನ್ನದೊಂದು ಭಾಷಣ ಇಟ್ಟುಕೊಂಡರು. ವಸ್ತು ನೋಡದೆ ಕೊಳ್ಳುವವನು, ಹೆಚ್ಚಿಗೆ ಹಣ ಕಳಿಸುವವನು, ಬೇರೆಯವರಿಗೆ ಹಾಕಿ ಎನ್ನುವವನು, ಅವಸರ ಮಾಡುವವನು, ಎಲ್ಲ ಹೇಳಿದೆ. ಮೆಸೇಜು ನಂಬಬೇಡಿ, ಪಾಸ್‌ಬುಕ್ ನೋಡಿ. ಹಣ ನಿಜವಾಗಿ ಬಂದಿದ್ದರೂ ಬ್ಯಾಂಕಿನ ಮೂಲಕವೇ ವಾಪಸು ಮಾಡಿ ಎಂದೆ. ಎಲ್ಲರೂ ಬರೆದುಕೊಂಡರು. ಆಗ ಮೂರನೆಯ ಮಹಡಿಯ ದೇಶಪಾಂಡೆಬಾಯಿ ಪೆನ್ನು ಮುಚ್ಚುತ್ತ, ಇಷ್ಟೆಲ್ಲ ಲಕ್ಷಣ ಇದ್ದೂ ಮನುಷ್ಯ ಒಳ್ಳೆಯವನೇ ಆಗಿದ್ದರೆ ಏನು ಮಾಡುವುದು ಎಂದು ಕೇಳಿದರು. ಕೆಲವರು ನಕ್ಕರು.

ಹಣ ತಡೆಯಿರಿ, ಮಾತು ತಡೆಯಬೇಡಿ, ಬಾಗಿಲಿಗೆ ಬಂದವರನ್ನು ಕೂರಿಸಿ ಹೇಳಿ ಎಂದೆ. ಅದಕ್ಕೊಂದು ಉದಾಹರಣೆ ಕೊಡಿ ಎಂದರು ದೇಶಪಾಂಡೆಬಾಯಿ, ಮತ್ತೆ ಪೆನ್ನು ತೆರೆದು. ಉದಾಹರಣೆ ನನ್ನ ಹತ್ತಿರ ಇತ್ತು. ಚಹಾ ಆರುತ್ತದೆ, ಮೊದಲು ಕುಡಿಯೋಣ ಎಂದೆ.