ಎಡೆಗೆ ಕರೆಯುವ ಮಾತು

ಕಳಸದ ಕಡೆಯ ಕಾಫಿ ತೋಟದ ಕೂಲಿಯವರ ಸಾಲಿನಲ್ಲಿದ್ದ ನಮ್ಮ ಲೈನ್ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವ ದಿನ ಕೋಳಿ ಸಾರು, ಕಡುಬು, ಕಳಲೆ ಪಲ್ಯದ ಘಮ ಎದ್ದರೆ ಈಗಲೂ ಅಜ್ಜಿಯ ಗದರಿಕೆಯೇ ಮೊದಲು ನೆನಪಾಗುತ್ತದೆ. ಬೇರೆಯವರಲ್ಲಿ ಎಡೆಯಿಟ್ಟು ಬಾಗಿಲು ಹಾಕಿದರೆ ಮುಗಿಯಿತು. ನಮ್ಮ ಜನರಲ್ಲಿ ಹಾಗಲ್ಲ. ಮನೆಯ ಕಿರಿಯ ಹೆಣ್ಣುಮಗಳು ಹೊಸ್ತಿಲಲ್ಲಿ ನಿಂತು ಸತ್ತವರನ್ನು ಊಟಕ್ಕೆ ಕರೆಯಬೇಕು, ಅದೂ ನಮ್ಮ ಮನೆಮಾತಿನಲ್ಲಿ.

“ಕರೀದೆ ಬಂದು ಉಣ್ಣೋಕೆ ಅವರೇನು ನಾಯಿಗಳಾ?” ಎನ್ನುತ್ತಿದ್ದಳು ಅಜ್ಜಿ. ಅವಳ ಆ ಮಾತನ್ನೂ ನಾನು ಕನ್ನಡದಲ್ಲೇ ಬರೆಯಬೇಕಾಗಿದೆ ನೋಡಿ, ಅದೇ ನನ್ನ ಹೊಟ್ಟೆ ಉರಿಸುವುದು.

ಕಿರಿಯವಳು ನಾನೇ. ಆದರೆ ಅಪ್ಪ ಓದಿದ ಹಾಸ್ಟೆಲಿನಲ್ಲಿ ಮನೆಮಾತು ಆಡಿದವರನ್ನು ಊಟದ ಪಂಕ್ತಿಯಿಂದ ಎಬ್ಬಿಸಿ ಹೊರಗೆ ನಿಲ್ಲಿಸುತ್ತಿದ್ದರಂತೆ. ಮಕ್ಕಳಿಗೆ ಆ ಗತಿ ಬೇಡವೆಂದು ಅವನು ನಮ್ಮೊಡನೆ ಕನ್ನಡವನ್ನಷ್ಟೇ ಆಡಿದ. ಅಜ್ಜಿ ಅಂದದ್ದು ನನಗೆ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಒಮ್ಮೆ ಕರೆಯಲು ಹೋಗಿ ತೊದಲಿದಾಗ, “ಸಾಕು, ಹೆದರಿ ಓಡಿ ಹೋಗ್ತಾರೆ” ಎಂದು ನಕ್ಕಳು. ಆಮೇಲೆ ಅವಳೇ ಕರೆದಳು. ಕಾಡಿನಲ್ಲಿ ದೂರ ಹೋದವರನ್ನು ಕೂಗುವಂತೆ ರಾಗವೆಳೆದು ಕರೆಯುತ್ತಿದ್ದಳು. ಆ ದನಿ ಎಷ್ಟು ಚೆಂದವಿತ್ತು!

ಮೈಯ ಕಸುವು ಇಳಿದ ವರ್ಷ ಅಜ್ಜಿ ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡು ಕನ್ನಡ ಕಲಿಸು ಎಂದಳು. ಜೀವಮಾನವೆಲ್ಲ ಕಾಫಿ ತೋಟದಲ್ಲಿ ದುಡಿದರೂ ಅವಳಿಗೆ ಮೇಸ್ತ್ರಿ ಕೂಗುವಷ್ಟು ಕನ್ನಡ ಮಾತ್ರ ಗೊತ್ತಿತ್ತು.

“ಕನ್ನಡದಲ್ಲಿ ನನ್ನನ್ನ ಕೆಲ್ಸಕ್ಕೆ ಕರ್ದಿದ್ದಾರೆ, ಊಟಕ್ಕೆ ಯಾರೂ ಕರ್ದಿಲ್ಲ. ನಾಳೆ ನೀನು ಕರ್ದಾಗ ನಂಗೆ ತಿಳೀಬೇಕಲ್ಲ ಮಾರಾಯ್ತಿ.”

ನನಗೆ ಅಳು ತಡೆಯಲಾಗಲಿಲ್ಲ. ಅವಳು ಮಾತ್ರ ಹಟ ಬಿಡಲಿಲ್ಲ. ಬಾ, ಕೂತ್ಕೋ, ಇನ್ನೊಂದು ಕಡುಬು ಹಾಕ್ಲಾ ಎಂದು ನಾನು ಹೇಳಿದ್ದನ್ನೆಲ್ಲ ತಾನೂ ಹೇಳಿ, ತಪ್ಪಾದರೆ ತಾನೇ ನಗುತ್ತಿದ್ದಳು. ಆ ಸಂಜೆಗಳು ಮತ್ತೆ ಸಿಗುವುದಾದರೆ ಏನು ಬೇಕಾದರೂ ಕೊಟ್ಟೇನು.

ಅವಳು ಹೋದ ಮೇಲಿನ ಮೊದಲ ಎಡೆಗೆ ನಾನು ಹೊಸ್ತಿಲಲ್ಲಿ ನಿಂತೆ. ಒಳಗೆ ಅಜ್ಜನಿಗೆ, ಅವನ ಹಿರಿಯರಿಗೆ, ಕೊನೆಯಲ್ಲಿ ಅಜ್ಜಿಗೆ ಎಲೆ ಹಾಕಿತ್ತು. ಅಪ್ಪ ತಲೆ ತಗ್ಗಿಸಿ ನನ್ನ ಹಿಂದೆ ನಿಂತಿದ್ದ.

“ಅಜ್ಜೀ, ಊಟಕ್ಕೆ ಬಾ” ಎಂದು ಕರೆದೆ. “ಬರೋವಾಗ ಅಜ್ಜನ್ನೂ ಎಲ್ಲರನ್ನೂ ಕರ್ಕೊಂಡು ಬಾ. ಅವರಿಗೆ ನನ್ನ ಮಾತು ತಿಳಿಯೋದಿಲ್ಲ, ನೀನೇ ಹೇಳು.”